ಸೂಜಿಯ ಮುಯ್ಯಿ

ಗೋವಾದಲ್ಲಿ ನನ್ನನ್ನು ಮೊದಲು ಮುಟ್ಟಿದ್ದು ಒಂದು ಕಡ್ಡಿ. ಘಟ್ಟ ಇಳಿದ ಕೂಡಲೇ ಸಿಗುವ ತಪಾಸಣೆ ನಾಕಾದಲ್ಲಿ ಬಸ್ಸು ನಿಲ್ಲಿಸಿ, ನನ್ನೊಬ್ಬಳನ್ನೇ ಇಳಿಸಿ, ತಗಡಿನ ಶೆಡ್ಡಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಕಂಡಕ್ಟರ್ ನನ್ನ ಗಂಟನ್ನು ಕಾಲ ಬಳಿ ಇಟ್ಟ. ಬಸ್ಸು ಹೋಗಿಬಿಟ್ಟಿತು. ನೆತ್ತಿಯಿಂದ ಪಾದದ ತನಕ ಬಿಳಿ ಚೀಲ ತೊಟ್ಟ ಹುಡುಗಿಯೊಬ್ಬಳು ಬಂದು, ನನ್ನ ಗದ್ದ ಹಿಡಿದೆತ್ತಿ, ಮೂಗಿನೊಳಗೆ ಕಡ್ಡಿ ಹಾಕಿ ತಿರುವಿದಳು. ಕಣ್ಣಲ್ಲಿ ನೀರು ಬಂತು.

"ಭಿಯೆನಾಕಾ, ಮಾಯ್," ಅಂದಳು. ಅಂಜಬೇಡ ಮುದುಕವ್ವಾ ಎಂದು ಅರ್ಥ. ಅದು ಆಮೇಲೆ ಗೊತ್ತಾಯಿತು.

ನಾನು ಅಂಜಿದ್ದು ಕಡ್ಡಿಗಲ್ಲ. ಮಡಗಾಂವಿನಲ್ಲಿ ನನ್ನ ಮಗಳು ಮಹಾದೇವಿಗೆ ಬೆಳಗಿನಿಂದ ನೋವು ಶುರುವಾಗಿತ್ತು. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಇದು ಮೂರನೆಯದು. ಅವಳು ಹೆರುವುದರೊಳಗೆ ನಾನು ಅಲ್ಲಿರಬೇಕಿತ್ತು. ಇದ್ದದ್ದು ಈ ಕುರ್ಚಿಯ ಮೇಲೆ.

ಇಲ್ಲಿಗೆ ಬಂದು ಕೂತದ್ದಕ್ಕೆ ಸರಕಾರವನ್ನು ಬೈಯುವುದಿಲ್ಲ. ತಪ್ಪು ನನ್ನದು. ಅರ್ಧ ಕಲ್ಲವ್ವನದು.

ಕಲ್ಲವ್ವ ಬೇವೂರಿನಲ್ಲಿ ನನ್ನ ಹೊಲದ ಬದುವಿನಾಚೆಯವಳು. ನಲವತ್ತು ವರ್ಷದಿಂದ ನಮ್ಮಿಬ್ಬರದು ಮುಯ್ಯಿ. ಇವತ್ತು ನಾನು ಅವಳ ಹೊಲದಲ್ಲಿ ಕಳೆ ತೆಗೆದರೆ ನಾಳೆ ಅವಳು ನನ್ನ ಹೊಲಕ್ಕೆ ಬರುತ್ತಾಳೆ. ಕೂಲಿ ಇಲ್ಲ, ಕಾಗದ ಇಲ್ಲ. ಬಿತ್ತುವುದು, ಕೀಳುವುದು, ಒಕ್ಕುವುದು, ಎಲ್ಲ ಹಾಗೆಯೇ ನಡೆದಿದೆ. ಅವಳಿಗೆ ಮೈಯಲ್ಲಿ ನೆಟ್ಟಗಿಲ್ಲದ ದಿನ ಅವಳ ಪಾಲಿನ ಸಾಲನ್ನೂ ನಾನೇ ಹಿಡಿದಿದ್ದೇನೆ. ಕಳೆಗೆ ಯಾರ ಕೈ ಕಿತ್ತಿತು ಅನ್ನುವುದು ಮುಖ್ಯವಲ್ಲ, ಕಿತ್ತರಾಯಿತು.

ಕರೋನಾದ ಸೂಜಿ ಊರ ಶಾಲೆಗೆ ಬಂದಾಗ ನಾನು ಮೊದಲ ದಿನವೇ ಹೋಗಿ ತೋಳು ಕೊಟ್ಟೆ. ಒಂದು ದಿನ ಜ್ವರ ಬಂತು, ಹೋಯಿತು. ಕಲ್ಲವ್ವ ಮಾತ್ರ ಒಪ್ಪಲಿಲ್ಲ. ಸೂಜಿ ತಗೊಳ್ಳದವರ ಪಡಿತರ ನಿಲ್ಲುತ್ತದೆ ಎಂದು ಯಾರೋ ಸುಳ್ಳು ಹಬ್ಬಿಸಿದ ಮೇಲೆ ಹೆದರಿಕೆ ಎರಡೂ ಕಡೆಯಿಂದ ಬಂದಂತಾಯಿತು.

"ನಾ ಒಲ್ಲೆವಾ ಗುರವ್ವಾ. ಅದನ್ನ ಚುಚ್ಚಿಸ್ಕೊಂಡವ್ರು ಎರಡ ವರ್ಷಕ್ಕ ಹೋಗ್ತಾರಂತ."

"ನೀ ಚುಚ್ಚಿಸ್ಕೊಳ್ಳದಿದ್ರೂ ಹೋಗು ವಯಸ್ಸ ಆಗೇತಿ. ಸುಮ್ನ ನಡಿ."

"ನಿನಗೇನ ಧಾಡಿ? ಎಮ್ಮಿ ಇದ್ದಂಗ ಅದಿ. ನನ್ನ ಪಾಲಿಂದೂ ನೀನ ತಗೊಂಡ ಬಾ. ನಿನ್ನ ಉಳ್ಳಾಗಡ್ಡಿ ಕಸಾ ಪೂರಾ ನಾ ತಗೀತೇನಿ. ಮುಯ್ಯಿಗಿ ಮುಯ್ಯಿ."

ನನಗೆ ಅದು ಸರಿ ಅನಿಸಿತು. ಈಗ ನಗಬೇಡಿ. ಮುಂದಿನ ತಿಂಗಳು ಶಾಲೆಯಲ್ಲಿ ಮತ್ತೆ ಸೂಜಿ ಹಾಕುವಾಗ ಸೆರಗು ಹೊದ್ದು, ಮೂಗು ಬಾಯಿ ಮುಚ್ಚಿಕೊಂಡು, ಕಲ್ಲವ್ವನ ಆಧಾರ ಕಾರ್ಡು ಹಿಡಿದು ಸಾಲಿನಲ್ಲಿ ನಿಂತೆ. ಕಾರ್ಡಿನ ಫೋಟೋದಲ್ಲಿ ಕಲ್ಲವ್ವನೂ ನನ್ನ ಹಾಗೆಯೇ ಕಾಣುತ್ತಿದ್ದಳು. ಆ ಫೋಟೋಗಳಲ್ಲಿ ಎಲ್ಲ ಮುದುಕಿಯರೂ ಒಂದೇ. ಸೂಜಿ ನನ್ನ ತೋಳಿಗೆ ಬಿತ್ತು, ಹೆಸರು ಕಲ್ಲವ್ವನದು ಬಿತ್ತು. ಅವಳು ಎರಡು ದಿನ ನನ್ನ ಉಳ್ಳಾಗಡ್ಡಿಯ ಕಳೆ ತೆಗೆದಳು. ಲೆಕ್ಕ ಚುಕ್ತಾ ಆಯಿತು ಎಂದು ಇಬ್ಬರೂ ಚಹಾ ಕುಡಿದೆವು.

ಕೆಲವು ದಿನದಲ್ಲಿ ಅಳಿಯ ಬಸವರಾಜ ಫೋನು ಮಾಡಿದ. ಅವನು ಇಳಕಲ್ಲಿನವನು, ಕಲ್ಲು ಪಾಲಿಶ್ ಮಾಡುವ ಕೆಲಸ ಬಲ್ಲವನು. ಗೋವಾದ ಮನೆಗಳ ಅಡುಗೆ ಕಟ್ಟೆಗೆ ನಮ್ಮ ಕೆಂಪು ಕಲ್ಲು ಕೂರಿಸುತ್ತಾನೆ. ಮಹಾದೇವಿ ಏಳು ತಿಂಗಳ ಬಸುರಿ, ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಅಂದಿದ್ದಾರೆ, ಘಟ್ಟದ ಬಸ್ಸಂತೂ ಕೂಡದು. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಇಲ್ಲಿ ತವರೇ ಎದ್ದು ಹೋಗಬೇಕಾಯಿತು.

"ಅತ್ತಿ, ಬಾರ್ಡರದಾಗ ಎರಡೂ ಸೂಜಿದ ಸರ್ಟಿಫಿಕೇಟ ಕೇಳ್ತಾರ. ನಿಮ್ಮದು ಎರಡೂ ಆಗ್ಯಾವಲ್ಲ?"

"ಆಗ್ಯಾವು," ಅಂದೆ.

ಫೋನಿನಲ್ಲಿ ತೆಗೆಸಿ ನೋಡಿದರೆ ನನ್ನ ಹೆಸರಿಗೆ ಒಂದು, ಕಲ್ಲವ್ವನ ಹೆಸರಿಗೆ ಒಂದು. ಮೈಯಲ್ಲಿ ಎರಡು ಇವೆ ಎಂದರೆ ಫೋನು ಕೇಳುತ್ತದೆಯೇ?

ಸುಳ್ಳಿನ ಮೇಲೆ ಸುಳ್ಳು ಕಟ್ಟುವುದು ನನಗಾಗುವುದಿಲ್ಲ. ಕಲ್ಲವ್ವನನ್ನು ಎಳೆದುಕೊಂಡು ದವಾಖಾನೆಗೆ ಹೋಗಿ ನರ್ಸಬಾಯಿಯ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ನನ್ನನ್ನು ಬಿಟ್ಟು ಕಲ್ಲವ್ವನನ್ನು ಹಿಡಿದಳು.

"ಏನಬೇ, ನಿನ್ನ ಪಾಲಿನ ಊಟಾ ಆಕಿ ಉಂಡ್ರ ನಿನ್ನ ಹೊಟ್ಟಿ ತುಂಬತೈತೇನ? ನಿನಗ ರೋಗ ಬಂದ್ರ ಆಕಿ ಸಾಯಾಕ ಬರ್ತಾಳೇನ?"

"ಬರ್ತಾಳ್ರೀ," ಅಂದಳು ಕಲ್ಲವ್ವ. "ಆಕೀದು ಹಂಗ ಐತಿ."

ನರ್ಸಬಾಯಿಗೆ ನಗು ತಡೆಯಲಾಗಲಿಲ್ಲ. ಆದರೆ ಕೆಲಸ ಕೆಟ್ಟಿತ್ತು. ಕಂಪ್ಯೂಟರಿಗೆ ಹೋದ ಹೆಸರು ಹೊರಗೆ ಬರುವುದಿಲ್ಲ, ನಿನಗೆ ಇನ್ನೊಂದು ಚುಚ್ಚಲು ನನ್ನ ಕೈ ಏಳುವುದಿಲ್ಲ, ಮೂಗಿನ ಪರೀಕ್ಷೆ ಮಾಡಿಸಿಕೊಂಡು ಹೋಗು, ಕಾಗದ ಮೂರು ದಿನ ನಡೆಯುತ್ತದೆ ಎಂದು ನನಗೆ ಹೇಳಿದಳು. ಕಲ್ಲವ್ವ ತಾನೇ ಕುಪ್ಪಸದ ತೋಳು ಮೇಲೆ ಸರಿಸಿ, ಕಣ್ಣು ಮುಚ್ಚಿ, "ಹಾಕ್ರಿ ಇದಕ್ಕ," ಅಂದಳು. ಕಂಪ್ಯೂಟರಿನ ಲೆಕ್ಕದಲ್ಲಿ ಅವಳ ಎರಡನೆಯ ಸೂಜಿಯ ಸರದಿ ಇನ್ನೂ ಬಂದಿರಲಿಲ್ಲ, ವಾಪಸು ಕಳಿಸಿದರು. ಸರದಿ ಬಂದಾಗ ಹೋಗಿ ತಗೊಂಡಳು. ಅದನ್ನು ಹೇಳಲೇಬೇಕು.

ಹೆರಿಗೆಗೆ ಹದಿನೈದು ದಿನ ಮುಂಚೆ ಹೋಗುವುದೆಂದು ಎಮ್ಮೆ, ಹೊಲ ಎಲ್ಲವನ್ನೂ ಕಲ್ಲವ್ವನಿಗೆ ಒಪ್ಪಿಸಿದೆ. ಸೋಮವಾರ ಬೆಳಗ್ಗೆ ಹತ್ತಕ್ಕೆ ಬಾಗಲಕೋಟೆಯಲ್ಲಿ ಮೂಗು ಕೊಟ್ಟೆ. ಬುಧವಾರ ರಿಪೋರ್ಟು ಬಂತು, ರೋಗವಿಲ್ಲ. ಸೋಮವಾರ ಕೊಟ್ಟದ್ದು, ಮಂಗಳವಾರ ಒಂದು, ಬುಧವಾರ ಎರಡು, ಗುರುವಾರ ಮೂರು ಎಂದು ಎಣಿಸಿದೆ. ನಮ್ಮಲ್ಲಿ ಆಳಿನ ದಿನ ಹೊತ್ತು ಮುಳುಗುವ ತನಕ ಇರುತ್ತದೆ. ತುಳಸಿಗೇರಿ ಹಣಮಪ್ಪನ ಕಡೆ ಕೈ ಮುಗಿದು ಗುರುವಾರ ನಸುಕಿನಲ್ಲಿ ಬಸ್ಸು ಹತ್ತಿದೆ. ಖಾನಾಪುರ ದಾಟುವಾಗ ಅಳಿಯನ ಫೋನು ಬಂತು. ನೋವು ಮುಂಚೆಯೇ ಬಂದಿದೆ, ಆಸ್ಪತ್ರೆಗೆ ಹೊರಟಿದ್ದೇವೆ ಅಂದ.

ನಾಕಾದಲ್ಲಿ ಪೊಲೀಸಿನವನು ನನ್ನ ಕಾಗದ ನೋಡಿ ಗಡಿಯಾರ ನೋಡಿದ. ಹನ್ನೆರಡು ಹೊಡೆದಿತ್ತು. ಕಾಗದದ ಜೀವ ಹತ್ತಕ್ಕೇ ಮುಗಿದಿತ್ತು. ಅಲ್ಲಿ ದಿನ ಹೊತ್ತಿನ ಮೇಲೆ ನಡೆಯುವುದಿಲ್ಲ, ತಾಸಿನ ಮೇಲೆ ನಡೆಯುತ್ತದೆ. ಎಪ್ಪತ್ತೆರಡು ತಾಸು. ಅತ್ತುಬಿಡೋಣ ಅನಿಸಿತು, ಅಳಲಿಲ್ಲ. ಅತ್ತರೆ ಮೂಗು ಸೋರುತ್ತದೆ, ರೋಗ ಎಂದುಕೊಂಡಾರು.

ಬಿಳಿ ಚೀಲದ ಹುಡುಗಿ ಕಡ್ಡಿ ಒಯ್ದ ಮೇಲೆ ಅರ್ಧ ತಾಸು ಕೂತೆ. ನನ್ನ ಜೀವಮಾನದಲ್ಲಿ ಕೈಯಲ್ಲಿ ಕೆಲಸವಿಲ್ಲದೆ ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಸುತ್ತ ಕಾಡು, ಎಲ್ಲಿ ನೋಡಿದರೂ ಹಸಿರು. ನಮ್ಮಲ್ಲಿ ಕಣ್ಣು ಹಾಯಿಸಿದರೆ ಮುಂದಿನ ಊರಿನ ತನಕ ಎರೆಹೊಲ ಕಾಣುತ್ತದೆ, ಇಲ್ಲಿ ಹತ್ತು ಮಾರಿನಾಚೆ ಏನಿದೆಯೋ ತಿಳಿಯುವುದಿಲ್ಲ. ಮಗಳು ಅದರಾಚೆ ಇದ್ದಳು.

ಹುಡುಗಿ ಹೊಸ ಕಾಗದ ತಂದು, ಹೆಬ್ಬೆರಳು ಎತ್ತಿ ತೋರಿಸಿದಳು. ಅಷ್ಟೇ ಅಲ್ಲ, ಹಿಂದೆ ಬಂದ ತರಕಾರಿ ಗಾಡಿಯವನಿಗೆ ಏನೋ ಜೋರು ಮಾಡಿ ನನ್ನನ್ನು ಅವನ ಪಕ್ಕ ಹತ್ತಿಸಿದಳು. ಅವಳ ಮುಖ ನಾನು ನೋಡಲೇ ಇಲ್ಲ, ಕಣ್ಣಷ್ಟೇ. ಎದುರು ಬಂದರೂ ಗುರುತು ಹಿಡಿಯಲಾರೆ. ಅವಳ ಹೆಸರಿಲ್ಲದೆ ದಿನಾ ದೇವರಿಗೆ ಹೇಳುತ್ತೇನೆ.

ಆಸ್ಪತ್ರೆಯ ಬಾಗಿಲಲ್ಲಿ ನಮ್ಮ ಬಾದಾಮಿ ಕಡೆಯ ಕಾವಲುಗಾರ ನಿಂತಿದ್ದ. ಸೀರೆ ನೋಡಿಯೇ ಕನ್ನಡ ಶುರು ಮಾಡಿದ.

"ಎಲ್ಲಿಗಬೇ?"

"ಮಗಳು ಹಡೀಲಿಕ್ಕೆ ಬಂದಾಳ. ಒಳಗ ಬಿಡೋ ಯಪ್ಪಾ."

"ಒಬ್ರನ್ನಷ್ಟ ಬಿಡಾಕ ರೂಲ್ ಐತಿ. ಒಳಗ ಆಗ್ಲೇ ಒಬ್ರು ಅದಾರ. ಮ್ಯಾಲ ಇವತ್ತಿನ ಟೆಸ್ಟ ಬೇಕು. ನಿನ್ನೀದೂ ನಡಿಯೂದಿಲ್ಲ."

ಅಳಿಯ ಹೊರಗಿನ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದ. ಒಳಗಿದ್ದವಳು ಮನೆಯೊಡತಿ ಫಿಲೋಮೆನಾ. ಕ್ರಿಸ್ತರ ಹೆಂಗಸು, ಗಂಡ ತೀರಿಹೋದವಳು, ಮೊಣಕಾಲು ನೋವಿನವಳು. ಬಸವರಾಜ ಅವಳ ಅಡುಗೆ ಕಟ್ಟೆಗೆ ಕಲ್ಲು ಕೂರಿಸಿದ ಪರಿಚಯಕ್ಕೆ ಹಿತ್ತಲ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಳು. ನಾನು ಕುರ್ಚಿಯ ಮೇಲೆ ಕೂತ ಹೊತ್ತಿನಲ್ಲಿ ನನ್ನ ಮಗಳ ಸೊಂಟ ತಿಕ್ಕಿದ್ದು, ಬೆವರು ಒರೆಸಿದ್ದು ಅವಳ ಕೈ.

ನಾನು ನಿಂತೇ ಇದ್ದೆ. ಅವಳು ಕುಂಟುತ್ತಾ ಹೊರಗೆ ಬಂದು, ನನ್ನ ಎರಡೂ ಭುಜ ಹಿಡಿದು, "ಚೆಡುಂ, ಮಾಯ್, ಚೆಡುಂ!" ಎಂದು ಕೂಗಿದಳು.

"ಹೆಣ್ಣಂತಬೇ," ಅಂದ ಕಾವಲುಗಾರ. "ತಾಯೀನೂ ಆರಾಮ ಅದಾಳಂತ."

ಆಮೇಲೆ ಫಿಲೋಮೆನಾ ತನ್ನ ಕೊರಳಲ್ಲಿದ್ದ ಪಾಸು ತೆಗೆದು ನನ್ನ ಕೊರಳಿಗೆ ಹಾಕಿದಳು. ಕಾವಲುಗಾರ ಟೆಸ್ಟಿನ ಕಾಗದ ಕೇಳಿದ. ನಾಕಾದ ಹುಡುಗಿ ಕೊಟ್ಟದ್ದನ್ನು ಚಾಚಿದೆ. ಅದರ ಮೇಲೆ ಅವತ್ತಿನ ತಾರೀಖೇ ಇತ್ತು. ಬಾಗಲಕೋಟೆಯ ಕಾಗದ ಸತ್ತಿರದಿದ್ದರೆ ನಾಕಾದಲ್ಲಿ ನನ್ನನ್ನು ಇಳಿಸುತ್ತಿರಲಿಲ್ಲ, ಇಲ್ಲಿ ಒಳಗೆ ಬಿಡುತ್ತಿರಲಿಲ್ಲ. ಹಣಮಪ್ಪನ ಲೆಕ್ಕ ನನಗೆ ತಿಳಿಯುವುದಿಲ್ಲ. ಒಳಗೆ ಹೋಗಿ ಮಗುವನ್ನು ಎತ್ತಿಕೊಂಡೆ. ಉಳ್ಳಾಗಡ್ಡಿಯಷ್ಟು ಕೆಂಪಗಿತ್ತು.

ಬಾಣಂತನಕ್ಕೆ ಬಂದವಳು ಇಲ್ಲೇ ಉಳಿದೆ. ಮಹಾದೇವಿ ಇಲ್ಲಿ ದುಡಿಯಲು ಬಂದ ನಮ್ಮ ಕಡೆಯವರಿಗೆ ರೊಟ್ಟಿ ಮಾಡಿ ಮಾರುವ ಕೆಲಸ ಶುರು ಮಾಡಿದಳು, ಮಗುವನ್ನು ನೋಡುವವರು ಬೇಕಿತ್ತು. ಮೊದಲು ಎಲ್ಲ ತಲೆಕೆಳಗು ಅನಿಸಿತು. ನಮ್ಮಲ್ಲಿ ಬೆಳಕು ಹರಿದರೆ ರೊಟ್ಟಿ ಬಡಿಯುವ ಸಪ್ಪಳ, ಇಲ್ಲಿ ಸೈಕಲ್ಲಿನ ಹಾರ್ನು. ಪೊದೇರ್, ಅಂದರೆ ಪಾವು ಬ್ರೆಡ್ಡು ಸುಡುವವನು, ಮನೆಮನೆಗೆ ತರುತ್ತಾನೆ. ಅನ್ನದ ಅಗುಳು ಹೆಬ್ಬೆರಳಿನ ಉಗುರಿನಷ್ಟು ದಪ್ಪ. ಓಣಿಯೆಲ್ಲ ಮೀನಿನ ವಾಸನೆ. ಮೊದಲ ವಾರ ಮೂಗಿಗೆ ಸೆರಗು ಹಿಡಿದೇ ಇದ್ದೆ, ಮಾಸ್ಕಿನ ಕಾಲ ಅಂತ ಯಾರೂ ತಪ್ಪು ತಿಳಿಯಲಿಲ್ಲ. ಮೀನಿನವಳು ನನ್ನನ್ನು ನೋಡಿ "ಘಾಂಟಿ" ಅಂದಳು. ಘಟ್ಟದ ಮೇಲಿನವಳು ಅನ್ನುವ ಬೈಗುಳ ಅದು. ಘಟ್ಟದ ಮೇಲಿನವಳನ್ನು ಹಾಗಲ್ಲದೆ ಇನ್ನು ಹೇಗೆ ಕರೆಯಬೇಕು? ನಾನು ಬೇಸರ ಮಾಡಿಕೊಳ್ಳಲಿಲ್ಲ. ಫಿಲೋಮೆನಾ ಮಾತ್ರ ಆ ಓಣಿ ಹಾರಿಹೋಗುವ ಹಾಗೆ ಅವಳನ್ನು ಬೈದಳು.

ಮಾತು ಬಾರದ ಊರಿನಲ್ಲಿ ಬಾಯಿ ಒಣಗುತ್ತದೆ. ಒಂಟಿತನ ಅಂದರೆ ಅದೇ. ಮಗಳು ಕೆಲಸಕ್ಕೆ ಕೂತರೆ ಮಗುವಿನ ಜೊತೆ ಎಷ್ಟು ಮಾತಾಡಲಿ? ಹಿತ್ತಲಲ್ಲಿ ಫಿಲೋಮೆನಾಳ ಮೆಣಸಿನ ಮಡಿ ಇತ್ತು, ಮೊಣಕಾಲಿನಿಂದಾಗಿ ಕಳೆಯಲ್ಲಿ ಮುಳುಗಿತ್ತು. ಒಂದು ದಿನ ಕುರ್ಚಿಗಿ, ಅಂದರೆ ಕಳೆ ಕೀಳುವ ನಮ್ಮ ಸಣ್ಣ ಕುಡುಗೋಲು, ಗಂಟಿನಿಂದ ತೆಗೆದು ಕೂತೆ. ಆಕೆ ಕಾಲೆಳೆಯುತ್ತಾ ಬಂದು ಬೇಡ ಬೇಡ ಅಂದಳು, ಹಣ ತೋರಿಸಿದಳು.

"ರೊಕ್ಕ ಒಳಗ ಇಡು," ಅಂದೆ ಕನ್ನಡದಲ್ಲೇ. "ಇದು ಮುಯ್ಯಿ. ನೀ ನನ್ನ ಮಗಳ ಸೊಂಟಾ ತಿಕ್ಕಿದಿ, ನಾ ನಿನ್ನ ಕಸಾ ತಗೀತೇನಿ."

ಏನು ತಿಳಿಯಿತೋ. "ದೇವ್ ಬರೆಂ ಕರೂಂ," ಅಂದಳು. ದೇವರು ಒಳ್ಳೆಯದು ಮಾಡಲಿ ಎಂದು. ಇಲ್ಲಿ ಉಪಕಾರ ಸ್ಮರಿಸುವುದಕ್ಕೆ ಅದೇ ಮಾತು. ನಮ್ಮಲ್ಲಿ ಅದಕ್ಕೆ ಮಾತಿಲ್ಲ, ಮರುದಿನ ಹೊಲಕ್ಕೆ ಹೋಗುತ್ತೇವೆ. ಈಗ ಆಕೆ "ಮುಯ್ಯಿ" ಅನ್ನಲು ಕಲಿತಿದ್ದಾಳೆ, ನಾನು "ದೇವ್ ಬರೆಂ ಕರೂಂ" ಅನ್ನಲು.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ನಮ್ಮ ಕಡೆ ಅಜ್ಜಿಗೆ ಅನ್ನುವ ಹಾಗೆ ಫಿಲೋಮೆನಾಳನ್ನೂ ಆಯಿ ಅನ್ನುತ್ತಾಳೆ, ನನ್ನನ್ನೂ ಆಯಿ ಅನ್ನುತ್ತಾಳೆ. ಮುಂಗಾರಿನಲ್ಲಿ ಕಲ್ಲವ್ವನ ಫೋನು ಬರುತ್ತದೆ.

"ಏ ಗುರವ್ವಾ, ಅಲ್ಲೇ ಮೀನ ತಿನ್ಕೊಂತ ಕುಂತಿಯೇನ? ಕಸಾ ಮೊಣಕಾಲ ಮಟಾ ಬಂದೈತಿ. ನಿನ್ನ ಹೊಲಾ ನಾ ಎಷ್ಟ ವರ್ಷ ಮಾಡ್ಲಿ?"

"ನಿನ್ನ ಸೂಜಿ ತಗೊಂಡೇನಲ್ಲ."

"ಒಂದ ಸೂಜಿಗಿ ಎಷ್ಟಬೇ ಮುಯ್ಯಿ! ಬಾ ಸುಮ್ನ."

ಹೋಗುತ್ತೇನೆ. ಎರಡು ತಿಂಗಳು ಅಲ್ಲಿ ಇದ್ದು ಅವಳ ಸಾಲು, ನನ್ನ ಸಾಲು ಮುಗಿಸುತ್ತೇನೆ. ಅಷ್ಟರಲ್ಲಿ ಇಲ್ಲಿಂದ ಮೊಮ್ಮಗಳ ಫೋನು, ಮೆಣಸಿನ ಮಡಿ ಹಾಳಾಯಿತು ಎಂದು. ಗಂಟಿನಲ್ಲಿ ಹೋಗುವಾಗ ಕಲ್ಲವ್ವನಿಗೆ ಒಣಗಿಸಿದ ಮುರುಗಲ ಹಣ್ಣು, ಬರುವಾಗ ಫಿಲೋಮೆನಾಳಿಗೆ ಶೇಂಗಾ ಚಟ್ನಿ.

ನಾಕಾದಲ್ಲಿ ಈಗ ಯಾರೂ ಕಾಗದ ಕೇಳುವುದಿಲ್ಲ, ಬಸ್ಸು ನಿಲ್ಲುವುದೂ ಇಲ್ಲ. ಶೆಡ್ಡು ಮಾತ್ರ ಇದೆ. ನಾನು ಪ್ರತಿ ಸಲ ಆ ಕಡೆಯ ಕಿಟಕಿಗೇ ಕೂತು ನೋಡುತ್ತೇನೆ. ಟಿಕೀಟು ಹರಿಯುತ್ತಾ ಕಂಡಕ್ಟರ್ ಕೇಳುತ್ತಾನೆ, "ಊರಿಗೆ ಹೊಂಟಿಯೇನಬೇ ಯಮ್ಮಾ?"

ಘಟ್ಟ ಹತ್ತುವಾಗಲೂ ಹೂಂ ಅನ್ನುತ್ತೇನೆ, ಇಳಿಯುವಾಗಲೂ ಹೂಂ ಅನ್ನುತ್ತೇನೆ. ಸುಳ್ಳಲ್ಲ. ಎರಡೂ ಕಡೆ ನನ್ನ ಪಾಲಿನ ಕಳೆ ಬೆಳೆದು ಕೂತಿರುತ್ತದೆ.