ಮತ್ತೆ ಬಾರದ ರೋಗಿಗಳು

ದೆಹಲಿಯಲ್ಲಿ ನಾನು ಅರ್ಥಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದೇನೆ ಎಂದು ಹೇಳಿಕೊಳ್ಳುತ್ತೇನೆ. ಐಎಎಸ್ ಆಗಲೆಂದು ಓಲ್ಡ್ ರಾಜಿಂದರ್ ನಗರದಲ್ಲಿ ರೂಮು ಹಿಡಿದವನು ಪ್ರಿಲಿಮ್ಸ್ ಎಂಬ ಬಾಗಿಲಿಗೆ ಹಣೆ ಜಜ್ಜಿಕೊಂಡು, ಪಕ್ಕದ ಕಿಟಕಿಯಿಂದ ಸಂಶೋಧನೆಯೊಳಗೆ ಜಾರಿಬಿದ್ದೆ. ರೂಮು ಮಾತ್ರ ಅದೇ. ಮನೆಯೊಡತಿ ಇವತ್ತಿಗೂ ನನ್ನನ್ನು ‘ಕಲೆಕ್ಟರ್ ಸಾಬ್’ ಎಂದೇ ಕರೆಯುತ್ತಾಳೆ. ಬಾಡಿಗೆ ಏರಿಸುವ ತಿಂಗಳು ಆ ಗೌರವ ತುಸು ಹೆಚ್ಚಾಗುತ್ತದೆ.

ಭಾನುವಾರ ಬೆಳಿಗ್ಗೆ ಮಾತ್ರ ನಾನು ಎದ್ದು ಸ್ನಾನ ಮಾಡಿ ಮೆಟ್ರೋ ಹತ್ತುತ್ತೇನೆ. ಜನಕಪುರಿಯಲ್ಲಿ ಡಾಕ್ಟರ್ ಅಕ್ಕನ ಮನೆಯಿದೆ. ಕೊಡಗಿನವರು. ಅಕ್ಕನ ಅಪ್ಪ ಸೈನ್ಯದಿಂದ ನಿವೃತ್ತರಾಗಿ ಇಲ್ಲೇ ಉಳಿದರು. ಅಕ್ಕ ಸರ್ಕಾರಿ ಆಸ್ಪತ್ರೆಯೊಂದರ ಎದೆರೋಗ ವಿಭಾಗದಲ್ಲಿ ಎಂಡಿ ಮಾಡುತ್ತಾಳೆ. ಅವಳ ಅಮ್ಮ, ಅಂದರೆ ನಮ್ಮೆಲ್ಲರ ಆಂಟಿ, ಊರು ಬಿಟ್ಟು ಬಂದ ಸಂಶೋಧಕರಿಗೆ ಅಕ್ಕಿತರಿಯ ಉಂಡೆ ಕಟ್ಟಿ ಬೇಯಿಸಿ ಕಡಂಬುಟ್ಟು ಮಾಡಿ ಬಡಿಸುತ್ತಾರೆ. ಆದರೆ ಪುಕ್ಕಟೆಯಲ್ಲ. ಆ ವಾರ ಏನು ಸಂಶೋಧನೆ ಮಾಡಿದೆವು ಎಂದು ಆಂಟಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಹೇಳಬೇಕು. ಅರ್ಥವಾದರೆ ತಟ್ಟೆಗೆ ಎರಡನೇ ಸುತ್ತು. ಆಗದಿದ್ದರೆ ಲೋಟಕ್ಕೆ ನೀರು.

ನಾನು ಬಹಳ ನೀರು ಕುಡಿದಿದ್ದೇನೆ.

ಎರಡನೇ ಸುತ್ತು ಸದಾ ಗೆಲ್ಲುವವನು ವಿಜಯಪುರದ ಗಣಿತದವನು. ಗಂಟುಗಳ ಮೇಲೆ ಅವನ ಸಂಶೋಧನೆ. ದಾರಕ್ಕೆ ಹಾಕುವ ಗಂಟೇ, ಆದರೆ ಕಾಗದದ ಮೇಲೆ. ಒಮ್ಮೆ ಆಂಟಿ ಹೆಣೆಯುತ್ತಿದ್ದ ಸ್ವೆಟರಿನ ಉಲ್ಲನ್ನೇ ಎತ್ತಿಕೊಂಡು ಎರಡು ಗಂಟು ಹಾಕಿ, ತುದಿಗಳನ್ನು ಜೋಡಿಸಿ, “ಕತ್ರಿ ಹಚ್ಚದ ಇದನ್ನ ಅದರಂಗ ಮಾಡ್ಬಹುದೇನ್ರಿ ಆಂಟಿ?” ಎಂದು ಕೇಳಿದ. ಆಂಟಿ ಮಧ್ಯಾಹ್ನದವರೆಗೂ ಎಳೆದಾಡಿದರು. ಆಗುವುದಿಲ್ಲ ಎಂದು ಅವರಿಗೆ ಮನವರಿಕೆಯಾದಾಗ ಅವನು ಅದು ಯಾಕೆ ಎಂದೆಂದಿಗೂ ಆಗುವುದಿಲ್ಲ ಎಂದು ಸಾಧಿಸುವ ದಾರಿ ತೋರಿಸಿದ. ಪಕ್ಕದಲ್ಲಿ ಕೂತ ನನಗೂ ಅರ್ಥವಾಯಿತು ಎಂದರೆ ಅವನ ಪ್ರತಿಭೆ ಎಷ್ಟು ದೊಡ್ಡದು ಊಹಿಸಿ.

ಆ ಭಾನುವಾರ ಅಕ್ಕ ತಟ್ಟೆಯನ್ನೇ ಮುಟ್ಟಲಿಲ್ಲ.

ಧೂಳಿನಲ್ಲಿ ದುಡಿದು ಉಬ್ಬಸ ಹಚ್ಚಿಕೊಂಡವರಿಗೆ ಅವಳು ಆಸ್ಪತ್ರೆಯಲ್ಲಿ ಉಸಿರಾಟದ ವ್ಯಾಯಾಮದ ತರಗತಿ ನಡೆಸುತ್ತಿದ್ದಳು. ಕಲಿತವರು ಕೆಲವು ತಿಂಗಳ ನಂತರ ಮತ್ತೆ ಬಂದು ಒಂದು ಪುಟ್ಟ ಕೊಳವೆಯನ್ನು ಊದಬೇಕು, ಉಸಿರಿನ ಬಲ ಅದರಲ್ಲಿ ಗೊತ್ತಾಗುತ್ತದೆ. ಬಂದವರೆಲ್ಲ ಊದಿದರು. ಯಾರೂ ಸುಧಾರಿಸಿರಲಿಲ್ಲ.

“ನಾಳೆ ಗೈಡ್ ಹತ್ರ ಹೋಗ್ಬೇಕು,” ಎಂದಳು. “ಉಪಯೋಗ ಇಲ್ಲ ಅಂತ ಬರೆದು ಮುಗಿಸು ಅಂದಿದ್ದಾರೆ. ಬರೆದ್ರೆ ತರಗತೀನೂ ಮುಚ್ತಾರೆ. ಆ ಕೋಣೆ ಬೇರೆ ವಿಭಾಗಕ್ಕೆ ಬೇಕಂತೆ.”

“ನಿಂಗೆ ಏನನ್ಸುತ್ತೆ?” ಆಂಟಿ ಕೇಳಿದರು.

“ನಂಗೆ ಅನ್ಸೋದನ್ನ ಥೀಸಿಸ್‌ನಲ್ಲಿ ಹಾಕಕ್ಕಾಗಲ್ಲ ಅಮ್ಮ.”

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರಲು ಸಂಸ್ಕಾರ ಬೇಕು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

“ಆಂಟಿ, ಈ ವಾರ ನನ್ನದು ದೊಡ್ಡ ಆವಿಷ್ಕಾರ. ವಾರವಿಡೀ ತರಕಾರಿ ಮಾರ್ಕೆಟ್‌ಗೆ ಹೋಗಿ ಭಯ್ಯಾಗಳನ್ನ ಒಬ್ಬೊಬ್ಬರಾಗಿ ಮಾತಾಡಿಸಿದೀನಿ. ದೆಹಲೀಲಿ ಮೆಂತ್ಯ ಸೊಪ್ಪನ್ನ ಯಾರೂ ಕೊಳ್ತಾನೇ ಇಲ್ಲ! ಎಲ್ಲರ ಗಾಡೀಲೂ ರಾಶಿ ರಾಶಿ ಹಾಗೇ ಉಳಿದಿದೆ. ಸೊಪ್ಪಿನ ವ್ಯಾಪಾರ ಕುಸಿದುಬಿದ್ದಿದೆ.”

“ಚಳಿಗಾಲದಲ್ಲಾ? ಇಲ್ಲಿ ಮನೆಮನೇಲೂ ಮೆಂತ್ಯ ಪರಾಠ ಮಾಡೋ ಕಾಲ ಅಲ್ವಾ?” ಆಂಟಿ ಹುಬ್ಬೇರಿಸಿದರು.

“ಅದೇ ಆಂಟಿ ಆವಿಷ್ಕಾರ!”

ಗಣಿತದವನು ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. “ಏ, ತಡಿ ತಡಿ. ನೀ ಮಾರ್ಕೆಟ್ಟಿಗೆ ಯಾವಾಗ ಹೋಗ್ತಿದ್ದಿ?”

“ಸಂಜೆ. ಕತ್ತಲಾಗೋ ಹೊತ್ತಿಗೆ. ಬೆಳಿಗ್ಗೆ ಹೊತ್ತು ನಾನು ಚಿಂತನೆ ಮಾಡ್ತಿರ್ತೀನಿ.”

“ಹಾಸ್ಗ್ಯಾಗ?”

“ಚಿಂತನೆಗೆ ಜಾಗ ಮುಖ್ಯ ಅಲ್ಲ.”

“ಹಂಗಾರ ಮಧ್ಯಾಹ್ನಕ್ಕ ಎಲ್ಲಾ ಮಾರಿ ಖಾಲಿ ಮಾಡ್ಕೊಂಡಾಂವ ಸಂಜಿಗೆ ಎಲ್ಲಿರ್ತಾನ?”

“ಮನೇಲಿ.”

“ಅವನ್ನ ಮಾತಾಡ್ಸೀಯೇನು?”

“ಅವನು ಮನೇಲಿದ್ರೆ ನಾನು ಮಾರ್ಕೆಟ್‌ನಲ್ಲಿ ಹೆಂಗೆ ಮಾತಾಡಿಸ್ಲಿ?”

ಹೇಳಿ ಮುಗಿಸುವಷ್ಟರಲ್ಲಿ ನನ್ನ ವಾಕ್ಯ ನನ್ನ ಕಿವಿಗೇ ಬಿತ್ತು. ಗಣಿತದವನು ಆಂಟಿಯತ್ತ ತಿರುಗಿದ. “ನೋಡ್ರಿ ಆಂಟಿ, ಮಾಲು ಉಳಿದು ಕುಂತವ್ರನ್ನ ಅಷ್ಟ ಹುಡುಕಿ ಹುಡುಕಿ ಕೇಳ್ಯಾನ. ಇವಂಗ ಪಿಎಚ್‌ಡಿ ಕೊಡೂದ್ಕಿಂತ ಅಲಾರಾಂ ಕೊಡ್ಬೇಕು.”

ಆಂಟಿ ನಗುತ್ತ ನನ್ನ ಲೋಟಕ್ಕೆ ನೀರು ಬಗ್ಗಿಸಿದರು. ಅಕ್ಕ ನಗಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು. ಹುಡುಗಿಯೊಬ್ಬಳು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು, ಆದರೆ ಅವಳಿಗೆ ಕಾಣುತ್ತಿದ್ದುದು ನಾನಲ್ಲ.

“ನನ್ನ ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಮತ್ತೆ ಬರಲೇ ಇಲ್ಲ,” ಎಂದಳು ಮೆಲ್ಲಗೆ. “ಗುಣ ಆದವರು ಒಂದು ದಿನದ ಕೂಲಿ ಬಿಟ್ಟು ಯಾಕೆ ಬರ್ತಾರೆ? ಕೆಮ್ಮು ಹಾಗೇ ಇರೋರು ಬಂದ್ರು. ನಾನು ಅವರನ್ನ ಮಾತ್ರ ಊದಿಸಿದೀನಿ.”

“ಹೌದಲ್ಲಾ!” ಎಂದು ಗಣಿತದವನು ಕುರ್ಚಿಯಿಂದ ಎದ್ದ.

“ಇರು, ಕುಣೀಬೇಡ. ಇದು ಬರೀ ಊಹೆ. ಬಾರದವರನ್ನ ನೋಡ್ದೆ ಹೇಳಕ್ಕಾಗಲ್ಲ.”

ನಾನಾಗಿದ್ದರೆ ಆ ಊಹೆಯನ್ನೇ ತೀರ್ಮಾನವೆಂದು ಬರೆದು, ಕರೋಲ್ ಬಾಗಿನಲ್ಲಿ ಚೋಲೆ ಭಟೂರೆ ತಿಂದು ಮಲಗುತ್ತಿದ್ದೆ. ಗಂಟಿನವನಿಗೆ ನನ್ನ ಸೊಪ್ಪಿನ ರಾಶಿಯಲ್ಲಿ ತೂತು ಕಂಡಿತು, ಅದೇ ತೂತಿನೊಳಗೆ ಅವಳಿಗೆ ತನ್ನ ರೋಗಿಗಳು ಕಂಡರು. ಆ ಊಟದ ಮೇಜಿನ ಮೇಲೆ ಅಂದು ದೆಹಲಿಯ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲದ ವಿಭಾಗವೊಂದು ತೆರೆದಿತ್ತು. ಅದರಲ್ಲಿ ನನ್ನ ಹುದ್ದೆ ತಪ್ಪು ಒದಗಿಸುವುದು.

ಸೋಮವಾರ ಗೈಡ್ ಗೊಣಗಿದರಂತೆ. ಚಳಿಗಾಲ ಮುಗಿಯುವವರೆಗೆ ಸಮಯ ಕೊಟ್ಟರು. ಅಕ್ಕ ರಜೆಯ ದಿನಗಳಲ್ಲಿ ಬಾರದವರಿಗೆಲ್ಲ ಫೋನ್ ಮಾಡಿ, ಒಪ್ಪಿದವರ ಮನೆಗೆ ಹೊರಟಳು. ನಾವಿಬ್ಬರು ಚೀಲ ಹೊರಲು. ರೋಗಿಯ ವಿಷಯ ನಮ್ಮ ಕಿವಿಗೆ ಬೀಳಬಾರದು, ಗಲ್ಲಿಯ ತುದಿಯಲ್ಲೇ ನಿಲ್ಲಬೇಕು ಎಂಬುದು ಅವಳ ಕಟ್ಟುನಿಟ್ಟು.

ಮೊದಲನೆಯವನು ಪೇಂಟರ್. ಮೂಗಿಗೆ ಬಟ್ಟೆ ಕಟ್ಟಿಕೊಂಡು ಏಣಿಯ ಮೇಲೆ ಗೋಡೆ ಬಳಿಯುತ್ತಿದ್ದ. ಅಕ್ಕ ಕೆಳಗೆ ನಿಂತು ಪಿಸುಮಾತಿನಲ್ಲಿ ಕೇಳಿದಳು. ಅವನು ಬಟ್ಟೆ ಸರಿಸಿ ಮೇಲಿನಿಂದ ಇಡೀ ಗಲ್ಲಿಗೆ ಸಾರಿದ: “ಅರೇ ಡಾಕ್ಟರ್ ಸಾಬ್, ಬಿಲ್ಕುಲ್ ಠೀಕ್ ಹೂಂ! ಆಪ್ ವಾಲೀ ಕಸರತ್ ರೋಜ್ ಕರ್ತಾ ಹೂಂ!” ಪೂರ್ತಿ ಗುಣವಾಗಿದ್ದಾನಂತೆ, ಅವಳು ಕಲಿಸಿದ ವ್ಯಾಯಾಮ ದಿನಾ ಮಾಡುತ್ತಾನಂತೆ. ಕೆಳಗಿಳಿಯಲು ಪುರುಸೊತ್ತಿಲ್ಲವೆಂದು ಅಲ್ಲಿಂದಲೇ ಕೊಳವೆಗೆ ಕೈ ಚಾಚಿದ. ಏಣಿ ಹಿಡಿಯಲು ನನ್ನನ್ನು ಕರೆದರು. ಅವನು ಊದಿದ. ಆ ರಭಸಕ್ಕೆ ಏಣಿಗೆ ತೂಗಿದ್ದ ಡಬ್ಬಿ ವಾಲಿ ನನ್ನ ತಲೆಯ ಮೇಲೆ ಆಕಾಶನೀಲಿ ಬಣ್ಣ ಸುರಿಯಿತು. ಅಕ್ಕನ ಮುಖ ಅರಳಿತು. ನಾನು ಅಲ್ಲಾಡಲಿಲ್ಲ. ನನ್ನ ಸಂಶೋಧನಾ ಜೀವನದ ಅತ್ಯುನ್ನತ ಕ್ಷಣ ಅದು.

ಅಂದೇ ಸಂಜೆ ಇನ್ನೊಂದು ಮನೆಯಿಂದ ಅವಳು ಬೇರೆಯದೇ ಮುಖ ಹೊತ್ತು ಬಂದಳು. ಆಂಬುಲೆನ್ಸ್‌ಗೆ ಫೋನ್ ಮಾಡಿದಳು. ಆ ಮನೆಯ ಹೆಂಗಸು ಬಾರದಿದ್ದುದು ಗುಣವಾಗಿ ಅಲ್ಲ, ಬಸ್ಸು ಹತ್ತುವ ಶಕ್ತಿ ಉಳಿಯದೆ. ಅವರನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಗಲ್ಲಿಯಲ್ಲಿ ನಾವು ಮೂವರೇ ಉಳಿದೆವು.

“ಇವರು ಬೇರೆ ಕೇಸ್ ಅಲ್ವಾ ಅಕ್ಕ?” ಎಂದೆ. “ಲೆಕ್ಕದಿಂದ ಬಿಟ್ಟುಬಿಟ್ರೆ ತರಗತಿ ಉಳಿಯುತ್ತೆ.”

“ಅವರನ್ನ ಬಿಟ್ಟು ಉಳಿಸಿಕೊಂಡ್ರೆ, ಅದರಲ್ಲಿ ನಾನು ಯಾರಿಗೆ ಏನು ಕಲಿಸ್ಲಿ?”

ಗಣಿತದವನು ಹೂಂ ಎಂದ, ಅಷ್ಟೇ. ಅವನಿಂದ ಅದು ದೊಡ್ಡ ಬಹುಮಾನ.

ಚಳಿಗಾಲದ ಕೊನೆಗೆ ಅವಳು ಗೈಡ್ ಮುಂದೆ ಇಟ್ಟದ್ದು ‘ಉಪಯೋಗ ಇದೆ’ ಎಂದಲ್ಲ. ಕೆಲವರಿಗೆ ಆಗಿದೆ, ಕೆಲವರಿಗೆ ಇಲ್ಲ, ಯಾರಿಗೆ ಯಾಕೆ ಎಂದು ಇನ್ನೂ ಗೊತ್ತಿಲ್ಲ, ಮುಚ್ಚಿದರೆ ಗೊತ್ತಾಗುವುದೂ ಇಲ್ಲ ಎಂದಳು. ಅವಳ ಥೀಸಿಸ್ ಸಲ್ಲಿಸುವ ದಿನ ಮುಂದಕ್ಕೆ ಹೋಯಿತು. ಕೋಣೆ ಉಳಿಯಿತು.

ವಿಷಯ ಕೇಳಿ ನಾವಿಬ್ಬರು ಆಸ್ಪತ್ರೆಯ ಹೊರಗಿನ ಟೀ ಅಂಗಡಿಗೆ ಓಡಿದೆವು. ನಾನು ಅಭಿನಂದನಾ ಭಾಷಣ ಶುರುಮಾಡಿದೆ. ಅವಳು ಟೀ ಆರಿಸುತ್ತ ತಲೆಯಾಡಿಸಿ, ಸುಮ್ಮನಿರು ಎಂದು ಬೆರಳೆತ್ತಿದಳು. ಅವಳ ಕಿವಿಗೂ ಭುಜಕ್ಕೂ ನಡುವೆ ಫೋನಿತ್ತು. ಬಾರದವರಲ್ಲಿ ಇನ್ನೊಬ್ಬರು ಕೊನೆಗೂ ಫೋನ್ ಎತ್ತಿದ್ದರು.