ಅಪೊಲಿನ್ ಬಾಯಿಯ ನೆಲುವು

ಕೊಲ್ಲಿ ದೇಶದ ಅದ್ಲಿಯಾ ಬಡಾವಣೆಯ ಬದ್ರಿಯಾ ಮೇಡಂ ಮನೆಯಲ್ಲಿ ಎರಡು ಫ್ರಿಜ್ ಇದ್ದವು. ಆದರೂ ಅಡುಗೆಯ ಅಪೊಲಿನ್ ಬಾಯಿ ಬಾಳೆಹಣ್ಣು ಇಡುತ್ತಿದ್ದದ್ದು ನೆಲುವಿನಲ್ಲೇ. ಹಿತ್ತಲ ಸ್ಟೋರ್ ರೂಮಿನ ಛಾವಣಿಯ ಕೊಕ್ಕೆಯಿಂದ ತೆಂಗಿನ ನಾರಿನ ಹಗ್ಗ, ಅದರ ತುದಿಗೆ ತಾನೇ ಹೆಣೆದ ಬಲೆ, ಬಲೆಯೊಳಗೆ ಬುಟ್ಟಿ. ಹಗ್ಗದ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದಿದ್ದಳು. ಇರುವೆ ಹತ್ತಬಾರದು, ಬೆಕ್ಕು ಮುಟ್ಟಬಾರದು. ಬಂಟ್ವಾಳದ ತಾಯಿಮನೆಯಲ್ಲಿ ಕಲಿತದ್ದನ್ನು ಸಮುದ್ರ ದಾಟಿದ ಮಾತ್ರಕ್ಕೆ ಬಿಡಲಿಕ್ಕಾಗುತ್ತದೆಯೇ? ಅಸಹ್ಯವಾಗಿ ಕಾಣುತ್ತದೆ, ತೆಗಿ ಎಂದು ಮೇಡಂ ಎರಡು ಸಲ ಹೇಳಿದ್ದರು. ಎರಡು ಸಲವೂ ಅಪೊಲಿನ್ “ಯೆಸ್ ಮೇಡಂ” ಎಂದು ಹಾಗೆಯೇ ಬಿಟ್ಟಿದ್ದಳು. ಒಳ್ಳೆಯ ಹೆಂಗಸು, ಆದರೆ ಹಟಕ್ಕೆ ಬಿದ್ದರೆ ಬ್ರಹ್ಮ ಬಂದರೂ ಅಲ್ಲಾಡುವವಳಲ್ಲ.

2009ರ ರಂಜಾನ್‌ಗೆ ಸ್ವಲ್ಪ ಮುಂಚೆ ಮೇಡಂನ ತಮ್ಮ ಲಂಡನ್ನಿಗೆ ಹೊರಟವನು ತನ್ನ ಸಾಕುಪ್ರಾಣಿಯನ್ನು ಇಲ್ಲಿ ಬಿಟ್ಟು ಹೋದ. ದಕ್ಷಿಣ ಅಮೆರಿಕದ ಮುಳ್ಳುಹಂದಿ ಎಂದದ್ದಷ್ಟೇ. ವಿಮಾನ ಹತ್ತುವ ಮೊದಲು ಹೇಳಬೇಕಾದ್ದನ್ನು ಗಂಡಸರು ಯಾವತ್ತು ಹೇಳಿದ್ದಾರೆ!

“ಮುಳ್ಳುಹಂದಿ ನಮಗೆ ಗೊತ್ತಿಲ್ಲದ್ದಾ ಮಾರಾಯ್ತಿ?” ಎಂದ ಡ್ರೈವರ್ ಆದಂ. ಅವನು ಉಳ್ಳಾಲದ ಬ್ಯಾರಿ. “ನಮ್ಮ ಗುಡ್ಡೆಯಲ್ಲಿ ಒಂದು ಮರಗೆಣಸು ಬಿಡ್ತಿರಲಿಲ್ಲ. ಒಂದು ಬಿಲ ಮಾಡಿ ಕೊಟ್ರೆ ಮುಗೀತು.”

ಇಬ್ಬರೂ ಸೇರಿ ಸ್ಟೋರ್ ರೂಮಿನ ಮೂಲೆಗೆ ಜಾಲರಿ ಕಟ್ಟಿ, ಒಳಗೆ ಇಟ್ಟಿಗೆಯ ಬಿಲ ಕಟ್ಟಿ, ಗೋಣಿ ಹಾಸಿ, ಬಿಲದ ಬಾಯಲ್ಲಿ ಗೆಣಸು ಇಟ್ಟರು. ಅದು ಬಂದ ಗೂಡಿನೊಳಗಿದ್ದ ಒಣ ಕೊಂಬೆಯನ್ನು ಕಣ್ಣಿಗೆ ಚುಚ್ಚೀತೆಂದು ಆದಂ ಬಿಸಾಡಿಯೂ ಬಿಟ್ಟ. ಗುಂಡು ಗುಲಾಬಿ ಮೂಗಿನ, ಉದ್ದ ಬಾಲದ ಆ ಜೀವ ಹಗಲೆಲ್ಲ ಮಲಗುತ್ತಿತ್ತು. ಸಂಜೆ ಎದ್ದು ಗೋಡೆಯ ಬುಡದಲ್ಲೇ ತಡವರಿಸುತ್ತ, ಹಾಲು ಸಿಗದ ಮಗುವಿನ ಹಾಗೆ ಕುಂಯ್‌ಗುಡುತ್ತಿತ್ತು. ಗೆಣಸನ್ನು ಮೂಸಿ ಬಿಡುತ್ತಿತ್ತು. ದಿನದಿನಕ್ಕೆ ಸೊರಗಿತು.

ಶುಕ್ರವಾರದೊಳಗೆ ತಿನ್ನದಿದ್ದರೆ ಬೇರೆ ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದರು ಮೇಡಂ. ಅಪೊಲಿನ್‌ಗೆ ಊಟವೇ ಸೇರಲಿಲ್ಲ. ಅಷ್ಟರಲ್ಲಿ ಅವಳು ಅದನ್ನು ಕೊಂಕಣಿಯಲ್ಲಿ “ಪುತಾ”, ಅಂದರೆ ಮಗನೇ, ಎಂದು ಕರೆಯಲು ಶುರುಮಾಡಿದ್ದಳು. ಮಗನೇ ಎಂದ ಮೇಲೆ ಕೊಟ್ಟುಬಿಡುವುದೆಲ್ಲಿಂದ ಬಂತು?

ರಂಜಾನ್ ಶುರುವಾಗಿತ್ತು. ಗುರುವಾರ ಸಂಜೆ ಆದಂನ ಉಪವಾಸ ಮುರಿಯಲೆಂದು ಬಾಳೆಹಣ್ಣು, ಬೇಯಿಸಿದ ಜೋಳದ ತೆನೆ ನೆಲುವಿನಲ್ಲಿಟ್ಟಳು. ಸಮೋಸ ಸೀದೀತೆಂದು ಓಡುವ ಗಡಿಬಿಡಿಯಲ್ಲಿ ಜಾಲರಿಯ ಚಿಲಕ ಮರೆತಳು. ಬಾಂಗ್ ಆಯಿತು. ಆದಂ ಖರ್ಜೂರ ಬಾಯಿಗೆ ಹಾಕಿ ನೀರು ಕುಡಿದ. ಹಣ್ಣು ತರಲು ಹೋದ ಅಪೊಲಿನ್ ಅಲ್ಲಿಂದಲೇ ಕಿರುಚಿದಳು.

“ಆದಂ, ಬೇಗ ಬಾ!”

ಮುಳ್ಳುಹಂದಿ ಕಿಟಕಿಯ ಸರಳು ಹತ್ತಿ, ಹಗ್ಗ ಹಿಡಿದು ನೆಲುವಿಗೆ ಹೋಗಿತ್ತು. ಹಗ್ಗಕ್ಕೆ ಬಾಲ ಸುತ್ತಿ, ತಲೆಕೆಳಗಾಗಿ ಜೋತು, ಎರಡೂ ಕೈಯಲ್ಲಿ ತೆನೆ ಹಿಡಿದು ಕರಕರ ತಿನ್ನುತ್ತಿತ್ತು. ಬಾಳೆಹಣ್ಣು ಸಿಪ್ಪೆಸಮೇತ ಖಾಲಿ.

“ಅಲ್ಲಾ, ನನ್ನ ಇಫ್ತಾರ್!” ಎಂದ ಆದಂ. ಮತ್ತೆ ಹಣೆ ಚಚ್ಚಿಕೊಂಡ. “ಇದು ಮರದಲ್ಲಿ ಇರೂದು ಮಾರಾಯ್ತಿ! ನಾವು ಗುಂಡಿಯಲ್ಲಿ ಹಾಕಿದ್ದು.”

“ಕೊಂಬೆ ಬಿಸಾಡಿದ್ದು ಯಾರು?”

“ಬಿಲಕ್ಕೆ ಗೋಣಿ ಹಾಸಿದ್ದು ಯಾರು?”

ಅಪೊಲಿನ್ ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೇ ಮಾಡಿದಳು. ಆದಂ ಅರ್ಧ ಸಮೋಸ ಕೈಯಲ್ಲಿ ಹಿಡಿದೇ ಹತ್ತಿರದ ಉಮ್ ಅಲ್ ಹಸ್ಸಮ್‌ಗೆ ಹೋಗಿ, ಪರಿಚಯದ ಅಂಗಡಿಯವನ ಅಂಗಳದಿಂದ ಬೇವಿನ ಕೊಂಬೆಯೊಂದನ್ನು ಮೇಡಂನ ಬಿಳಿ ಕಾರಿನ ಮೇಲೆ ಕಟ್ಟಿ ತಂದ.

ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಮೇಡಂ ಬಂದರು. ಬಿಲದೊಳಗೆ ಬಗ್ಗಿ ನೋಡಿದರು, ಇಲ್ಲ. ತಲೆ ಎತ್ತಿದರು. ಅವರು ತೆಗಿ ಎಂದಿದ್ದ ನೆಲುವಿನಿಂದ ಗುಂಡು ಮೂಗೊಂದು ಕೆಳಗೆ ಇಣುಕಿ, ಒಂದು ಸೀನು ಸೀನಿತು. ಮೇಡಂ ನಕ್ಕು ನಕ್ಕು ಗೋಡೆ ಹಿಡಿದು ನಿಂತರು.

“ಅಪೊಲಿನ್, ಏಕ್ ಔರ್ ಬನಾವೋ,” ಎಂದರು ಕಣ್ಣೊರೆಸಿಕೊಳ್ಳುತ್ತ. ಇನ್ನೊಂದು ನೆಲುವು ಬೇಕಂತೆ, ಇದಕ್ಕಿಂತ ದೊಡ್ಡದು.

“ಯೆಸ್ ಮೇಡಂ,” ಎಂದಳು ಅಪೊಲಿನ್. ಈ ಸಲ ಹೇಳಿದ ಹಾಗೆಯೇ ಮಾಡಿದಳು.