ಹಡಗಿನ ಹೊಗೆಗೆಂದು ಮಾಡಿದ ಸುಣ್ಣದುಂಡೆಗಳು

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಬರೆದುದನ್ನು ನೋಡಿ ತಿದ್ದಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ಆದ್ದರಿಂದ ಈ ಬರಹದಲ್ಲಿ ಮಾತು ಎಲ್ಲಿಯಾದರೂ ತಪ್ಪಿದ್ದರೆ, ಹೇಳಬೇಕಾದುದು ಬಿಟ್ಟುಹೋಗಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು. ಸಮುದ್ರವನ್ನು ನಾನು ಈವರೆಗೂ ಕಂಡಿಲ್ಲ. ಆದರೂ ಹಡಗಿನ ಹೊಗೆಯ ವಿಷಯ ಬರೆಯಲು ಕುಳಿತಿದ್ದೇನೆ. ಅದಕ್ಕೂ ಕ್ಷಮೆಯಿರಲಿ.

ರಾಯಚೂರಿನ ಕಾಲೇಜಿನಲ್ಲಿ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ, ರಸಾಯನಶಾಸ್ತ್ರದ ಮೇಡಂ ಪ್ರಾಜೆಕ್ಟಿನ ವಿಷಯಗಳ ಪಟ್ಟಿಯೊಂದನ್ನು ಗೋಡೆಗೆ ಹಚ್ಚಿದರು. ಹಡಗಿನ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದು ಎಂಬ ವಿಷಯದ ಮುಂದೆ ಯಾರೂ ಹೆಸರು ಬರೆದಿರಲಿಲ್ಲ. ಹಡಗಿನಲ್ಲಿ ಸುಣ್ಣದ ಉಂಡೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಟ್ಟು, ಇಂಜಿನ್ನಿನ ಹೊಗೆಯನ್ನು ಅವುಗಳ ನಡುವೆ ಹಾಯಿಸುವ ವಿಧಾನವೂ ಒಂದಿದೆ ಎಂದು ಮೇಡಂ ವಿವರಿಸಿದರು. ಹೊಗೆಯಲ್ಲಿನ ಅನಿಲವನ್ನು ಹೀರಿಕೊಂಡ ಸುಣ್ಣ ಮತ್ತೆ ಕಲ್ಲಾಗುತ್ತದೆ. ಬಂದರಿನಲ್ಲಿ ಆ ಕಲ್ಲನ್ನು ಇಳಿಸಿದರಾಯಿತು. ಸುಣ್ಣ ಎಂಬ ಮಾತು ಕಿವಿಗೆ ಬಿದ್ದೊಡನೆ ನಾನು ಹೆಸರು ಬರೆದುಬಿಟ್ಟೆ.

ಕಾರಣವಿತ್ತು. ದೇವದುರ್ಗದ ಊರಂಚಿನಲ್ಲಿ ನಮ್ಮದು ಸುಣ್ಣದ ಭಟ್ಟಿ. ಅಪ್ಪ ತೀರಿಕೊಂಡ ಮೇಲೆ ಕಲ್ಲು ಸುಡುವುದು, ಸುಟ್ಟ ಕಲ್ಲನ್ನು ನೀರಿನ ಹೊಂಡದಲ್ಲಿ ಅರಳಿಸುವುದು ಎಲ್ಲವೂ ಅವ್ವನ ಪಾಲಿಗೆ ಬಂದವು. ಅವಳ ಅಂಗೈಗಳು ಬಿರಿದು, ಅನ್ನ ಕಲಸುವಾಗ ಉರಿಯುತ್ತಿದ್ದವು. ನನ್ನನ್ನು ಮಾತ್ರ ಹೊಂಡದ ಹತ್ತಿರ ಸುಳಿಯಗೊಡುತ್ತಿರಲಿಲ್ಲ; ಪುಸ್ತಕ ಹಿಡಿ ಎನ್ನುತ್ತಿದ್ದಳು. ರಾಯಚೂರಿನ ಮಣ್ಣು ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ನನಗೆ ಸಹಾಯಕಿಯ ಕೆಲಸ ಕೊಡಲು ಒಪ್ಪಿದ್ದರು. ಆದರೆ ಆ ವರ್ಷವೇ ಪದವಿ ಮುಗಿದಿರಬೇಕು. ಕೆಲಸ ಸಿಕ್ಕಿದರೆ ಅವ್ವನನ್ನು ಹೊಂಡದಿಂದ ಬಿಡಿಸಬಹುದು, ಪ್ರಾಜೆಕ್ಟು ಕೆಟ್ಟರೆ ಇನ್ನೊಂದು ವರ್ಷ ಅವಳ ಕೈ ಅಲ್ಲೇ. ನನ್ನ ಲೆಕ್ಕ ಇಷ್ಟೇ ಇತ್ತು.

ಮನೆಯಿಂದ ಒಂದು ಡಬ್ಬಿ ಅರಳಿದ ಸುಣ್ಣ ತಂದು, ಗೋಲಿಯಷ್ಟು ಉಂಡೆಗಳನ್ನು ಕಟ್ಟಿ, ಹಾಸ್ಟೆಲಿನ ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಒಣಗಿಸಿದೆ. ರಾಯಚೂರಿನ ಬಿಸಿಲಿಗೆ ಎರಡು ದಿನ ಸಾಕಾಗಿತ್ತು. ನಾನು ಎಚ್ಚರಿಕೆಗೆಂದು ಎಂಟು ದಿನ ಬಿಟ್ಟೆ.

ಹಡಗಿನ ಇಂಜಿನ್ನಿಗೆ ಬದಲಾಗಿ ಡೀಸೆಲ್ ಪಂಪು ಸಾಕೆಂದು ಮೇಡಂ ಒಪ್ಪಿದ್ದರು. ಮಾನ್ವಿಯ ಕಡೆ, ಚೀಕಲಪರ್ವಿಯಲ್ಲಿ ತುಂಗಭದ್ರೆಯ ದಂಡೆಗೆ ಸೋದರಮಾವನ ಗದ್ದೆಯಿದೆ. ನಾನು ತಗಡಿನ ಡಬ್ಬಿ, ರಬ್ಬರ್ ಕೊಳವೆ, ಸುಣ್ಣದ ತಿಳಿನೀರಿನ ಬಾಟಲಿ ಹಿಡಿದು ಬಸ್ಸಿಳಿದಾಗ ಮಾವ ನಕ್ಕ.

“ಏನ್ ಬೇ, ಹಡಗ ಯಾವಾಗ ಬರ್ತದ? ಮೊದ್ಲ ಹೇಳಿದ್ರ ನದ್ಯಾಗ ಜಾಗ ಖಾಲಿ ಮಾಡಸ್ತಿದ್ದೆ.”

“ಹಡಗಿಂದೂ ಡೀಸೆಲ್ ಇಂಜಿನ್ನೇ ಮಾವಾ. ನಿನ್ನ ಪಂಪು ಅದರ ಮರಿ ಅಂತ ತಿಳ್ಕೋ.”

“ಮರಿ ಅಲ್ಲ, ಮುದುಕ! ಮುಂಜಾನಿಂದ ತಿರುವಾಕತ್ತೀನಿ, ಕೆಮ್ತದ, ಏಳವಲ್ದು.”

ಕಡೆಗೂ ಪಂಪು ಎದ್ದಿತು. ಹೊಗೆಯ ಒಂದು ಪಾಲನ್ನು ಕೊಳವೆಯಿಂದ ತಿರುಗಿಸಿ, ಉಂಡೆ ತುಂಬಿದ ಡಬ್ಬಿಯ ಮೂಲಕ ತಿಳಿನೀರಿನ ಬಾಟಲಿಗೆ ಬಿಟ್ಟೆ. ಅನಿಲ ಉಂಡೆಗಳಲ್ಲಿ ಸಿಕ್ಕಿಕೊಂಡರೆ ನೀರು ತಿಳಿಯಾಗಿಯೇ ಇರಬೇಕು. ತಪ್ಪಿಸಿಕೊಂಡು ಬಂದರೆ ಬೆಳ್ಳಗಾಗಬೇಕು. ನೋಡುನೋಡುತ್ತಿದ್ದಂತೆಯೇ ಅದು ಬೆಳ್ಳಗಾಯಿತು. ಡಬ್ಬಿ ತೆಗೆದು ನೋಡಿದೆ, ಹಾಕಿ ನೋಡಿದೆ. ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

“ಹಾಲಿನ ಡೈರಿ ಹಾಕಬೌದು ಬಿಡು,” ಎಂದ ಮಾವ, ನನ್ನ ಮುಖ ನೋಡಿ ಕೊಳವೆ ಬಿಚ್ಚಿಕೊಟ್ಟ.

ಮರುದಿನ ಉಂಡೆಗಳನ್ನು ಚೀಲದಲ್ಲಿ ಹಾಕಿಕೊಂಡು ದೇವದುರ್ಗಕ್ಕೆ ಹೋದೆ. ಪ್ರಾಜೆಕ್ಟು ಒಪ್ಪಿಸಲು ಹತ್ತು ದಿನಗಳು ಉಳಿದಿದ್ದವು. ಅವ್ವ ಒಂದು ಉಂಡೆ ಎತ್ತಿಕೊಂಡು ಉಗುರಿನಿಂದ ಕೆರೆದಳು.

“ಎಷ್ಟ್ ದಿನ ಒಣಗ್ಸೀದಿ?”

“ಎಂಟ್ ದಿನ. ಮಾಳಗಿ ಮ್ಯಾಲೆ.”

“ಸಂಡಿಗಿ ಏನ್ ಬೇ ಇವು, ಬಿಸಿಲಿಗಿ ಹಾಕಾಕ? ಸುಣ್ಣ ಗಾಳಿಗಿ ಬಿಟ್ರ ಸಾಯ್ತದ. ಅದಕ್ಕ ಹೊಂಡದಾಗ ಮ್ಯಾಲೆ ನೀರು ನಿಲ್ಲಿಸಿರ್ತೀವಿ. ಸಣ್ಣ ಹುಡುಗರಿಗೂ ಗೊತ್ತದ.”

“ನೀನು ಹೊಂಡದ ಹತ್ರ ಬಿಟ್ಟಿದ್ರ ನನಗೂ ಗೊತ್ತಾಗ್ತಿತ್ತು.”

“ಕಾಲೇಜಿನ್ಯಾಗ ಹೇಳಿರ್ತಾರಂತ ನಾ ಅನ್ಕೊಂಡಿದ್ದೆ.”

ಸಾಯುವುದೆಂದರೆ ಏನು? ನಾನು ಲಿಂಬೆಹಣ್ಣು ಕೊಯ್ದು, ಉಂಡೆಯ ಮೇಲ್ಪದರಕ್ಕೆ ರಸ ಹಿಂಡಿದೆ. ಬುರುಬುರು ನೊರೆ ಎದ್ದಿತು. ಹೊಂಡದಿಂದ ಆಗಷ್ಟೇ ತೆಗೆದ ಸುಣ್ಣಕ್ಕೆ ಹಿಂಡಿದೆ, ನೊರೆ ಬರಲಿಲ್ಲ. ನೊರೆ ಬಂದುದು ಉಂಡೆಯ ಮೇಲ್ಪದರದಲ್ಲಿ ಸೇರಿದ್ದ ಇಂಗಾಲದ ಡೈಆಕ್ಸೈಡಿನಿಂದ. ನನ್ನ ಉಂಡೆಗಳು ಹಡಗಿನ ಹೊಗೆಗೆ ಕಾಯದೆ, ಎಂಟು ದಿನವೂ ರಾಯಚೂರಿನ ಗಾಳಿಯಿಂದಲೇ ಅದನ್ನು ಹೀರಿ, ಮೇಲ್ಪದರ ಕಲ್ಲಾಗಿ ಕುಳಿತಿದ್ದವು. ಪಾಠದಲ್ಲಿ ಈ ಸಮೀಕರಣವನ್ನು ನಾನು ಎಷ್ಟೋ ಸಲ ಬರೆದಿದ್ದೆ; ಮಾಳಿಗೆಯ ಮೇಲೆ ಅದೇ ನಡೆದಿದೆಯೆಂದು ಹೊಳೆದಿರಲಿಲ್ಲ.

“ಗಾಳಿಗಿ ಇಡಲಾರದ ಒಣಗ್ಸೋದು ಹ್ಯಾಂಗ?” ಎಂದೆ.

ಅವ್ವ ಮುಚ್ಚಳದ ಡಬ್ಬಿಯೊಂದರ ತಳಕ್ಕೆ ಸುಟ್ಟ ಕಲ್ಲಿನ ತುಂಡುಗಳನ್ನು ಹಾಕಿ, ಮೇಲೆ ಬಿದಿರಿನ ತಟ್ಟೆಯಿಟ್ಟು, ಅದರ ಮೇಲೆ ಹೊಸ ಉಂಡೆಗಳನ್ನು ಜೋಡಿಸಿದಳು. “ಸುಟ್ಟ ಕಲ್ಲಿಗಿ ನೀರಡಿಕಿ ಬಾಳ. ಉಂಡಿಯೊಳಗಿನ ನೀರು ತಾನೇ ಎಳಕೊಂತದ,” ಎಂದು ಮುಚ್ಚಳಕ್ಕೆ ಹಿಟ್ಟು ಮೆತ್ತಿದಳು. ಹಾಗೆ ಕೂತಿದ್ದಾಗಲೇ ಕೇಳಿದಳು:

“ಹಡಗದಾಗ ಹೊಗಿ ಹಿಡಿದ್ರು, ಖರೇ. ಸುಣ್ಣದ ಕಲ್ಲು ಸುಡೋವಾಗ ಭಟ್ಟ್ಯಾಗಿಂದ ಹೋಗೋದು ಯಾವ ಗಾಳಿ?”

“ಅದೇ, ಬೇ.”

“ಮತ್ತ ಉಳದದ್ದೇನು? ಇಲ್ಲಿ ಬಿಟ್ಟು ಅಲ್ಲಿ ಹಿಡದಂಗಾತು.”

ಆ ಪ್ರಶ್ನೆಯನ್ನು ಪ್ರಾಜೆಕ್ಟಿನ ಪುಸ್ತಕದಲ್ಲಿ ಬರೆದುಕೊಂಡೆ.

ನಾಲ್ಕು ದಿನಗಳ ನಂತರ ಮಾವನ ಪಂಪಿನೆದುರು ಮತ್ತೆ ಕುಳಿತೆ. ಡಬ್ಬಿಯಿಲ್ಲದೆ ಹಾಯಿಸಿದ ಹೊಗೆಗೆ ನೀರು ಕೂಡಲೇ ಬೆಳ್ಳಗಾಯಿತು. ಹೊಸ ಉಂಡೆಗಳ ಡಬ್ಬಿ ಜೋಡಿಸಿದಾಗ, ಗದ್ದೆಯ ಒಂದು ಮಡಿಗೆ ನೀರು ತುಂಬುವವರೆಗೂ ಬಾಟಲಿ ತಿಳಿಯಾಗಿಯೇ ಇತ್ತು. ಆಮೇಲೆ ನಿಧಾನವಾಗಿ ಮಸುಕಾಯಿತು. ಮಾವ ಪಂಪು ನಿಲ್ಲಿಸಿ ಬಾಟಲಿಯನ್ನು ಸೂರ್ಯನ ಕಡೆಗೆ ಹಿಡಿದು ನೋಡಿದ. ಈ ಸಲ ನಗೆಚಾಟಿಕೆ ಮಾಡಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ಸರಿಪಡಿಸಿಕೊಂಡು, “ಸುಣ್ಣ ತಯಾರಿಸುವಾಗ ಹೊರಬೀಳುವ ಅನಿಲದ ಗತಿಯೇನು?” ಎಂದು ಕೇಳಿದರು.  ನಾನು ಕಾಲೇಜಿನಲ್ಲಿ ಮೂರು ವರ್ಷ ಯಾರಿಗೂ ಹೇಳದಿದ್ದುದನ್ನು ಹೇಳಿದೆ:

“ಸರ್, ನಮ್ಮ ಮನೆಯಲ್ಲಿ ಸುಣ್ಣ ಸುಡುತ್ತಾರೆ. ನನ್ನ ತಾಯಿಯೂ ಇದನ್ನೇ ಕೇಳಿದರು. ಭಟ್ಟಿಯನ್ನು ಮುಚ್ಚಿ, ಅದರ ಅನಿಲವನ್ನೂ ಹಿಡಿದು, ಹೊರಬರದಂತೆ ಕಾಪಾಡದಿದ್ದರೆ ಈ ವಿಧಾನದಿಂದ ಹೆಚ್ಚಿನ ಲಾಭವಿಲ್ಲ. ನಮ್ಮ ಭಟ್ಟಿಗೆ ಮುಚ್ಚಳವಿಲ್ಲ.”

ಅವರು ಮೇಡಂ ಕಡೆಗೆ ಒಮ್ಮೆ ನೋಡಿದರು. ಆಮೇಲೆ ಪರೀಕ್ಷೆಯನ್ನು ಮರೆತವರಂತೆ, ಭಟ್ಟಿಗೆ ಯಾವ ಸೌದೆ ಹಾಕುತ್ತೀರಿ, ಕಲ್ಲು ಬೆಂದುದು ಹೇಗೆ ತಿಳಿಯುತ್ತದೆ ಎಂದು ಕೇಳುತ್ತಲೇ ಹೋದರು. ಕೆಲವಕ್ಕೆ ಮಾತ್ರ ನನಗೆ ಉತ್ತರ ಗೊತ್ತಿತ್ತು.

ನಾನು ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದೆ. ಪ್ರಯೋಗಾಲಯದ ಕೆಲಸವೂ ಸಿಕ್ಕಿತು. ಆ ದಸರೆಯ ಹೊತ್ತಿಗೆ ಅವ್ವ ಭಟ್ಟಿ ನಿಲ್ಲಿಸಿ, ರಾಯಚೂರಿನಲ್ಲಿ ನಾನು ಬಾಡಿಗೆಗೆ ಹಿಡಿದ ಎರಡು ಕೋಣೆಗಳ ಮನೆಗೆ ಬಂದಳು. ಮೊದಲ ಕೆಲವು ತಿಂಗಳು ಕೆಲಸವಿಲ್ಲದೆ ಬೇಸರಪಟ್ಟಳು. ಈಗ ಓಣಿಯ ಇಬ್ಬರು ಹೆಂಗಸರ ಜೊತೆ ರೊಟ್ಟಿ ಮಾಡಿ ಖಾನಾವಳಿಗೆ ಕೊಡುತ್ತಾಳೆ. ದೇವದುರ್ಗದ ಹೊಂಡವನ್ನು ಚಿಕ್ಕಪ್ಪ ಮಣ್ಣು ಹಾಕಿ ಮುಚ್ಚಿ, ಅಲ್ಲಿ ಕುರಿ ಕಟ್ಟುತ್ತಿದ್ದಾರೆ.